ಹನ್ನೊಂದನೆಯ ಗೂಟ

ಮೊದಲು ಬೂಟು ನೋಡುತ್ತೇನೆ, ಆಮೇಲೆ ಮುಖ.
ಮುಖದಷ್ಟು ಸುಳ್ಳು ಬೂಟು ಹೇಳುವುದಿಲ್ಲ.
ಮರಗಳ ಸಾಲು ಮುಗಿಯುವ ಈ ಕಲ್ಲುಮನೆಯಲ್ಲಿ
ಇಪ್ಪತ್ತಾರು ಬೇಸಿಗೆ ಸೂಪು ಬಡಿಸುತ್ತ, ಕಂಬಳಿ ಕೊಡವುತ್ತ
ಕಲಿತದ್ದು ಇಷ್ಟೇ.

ಲೇಸು ಇನ್ನೂ ಬೆಳ್ಳಗಿದ್ದರೆ ಕೆರೆಯ ದಾರಿ.
ಒಂದೂವರೆ ಗಂಟೆ, ಲಾರ್ಚ್ ಮರದ ನೆರಳು,
ಗೇಟು ಹಾಕಿಕೊಂಡು ಹೋಗಿ, ದನ ಇವೆ.
ನೀರೊಳಗೆ ಬೆಟ್ಟ ತಲೆಕೆಳಗಾಗಿ ನಿಂತಿರುತ್ತದೆ,
ಬಗ್ಗಿದರೆ ಶಿಖರ ಕೈಗೇ ಸಿಗುತ್ತದೆ.
ತಣ್ಣಗಿರುತ್ತದೆ. ಮೇಲೆಯೂ ಹಾಗೆಯೇ.

ಹಿಮ್ಮಡಿ ಒಂದೇ ಸಮ ಸವೆದಿದ್ದರೆ ಜೀನಿನವರೆಗೆ,
ಎರಡು ಶಿಖರಗಳ ನಡುವೆ ಕುದುರೆ ಬೆನ್ನಿನ ಹಾಗೆ ತಗ್ಗಿದ ಜಾಗ.
ಕೊನೆಯ ಇನ್ನೂರು ಮೀಟರು ಬರೀ ಜಲ್ಲಿ,
ಎರಡು ಹೆಜ್ಜೆ ಇಟ್ಟರೆ ಒಂದನ್ನು ಬೆಟ್ಟ ವಾಪಸು ಕೇಳುತ್ತದೆ.
ಮಾರಿಬೋರ್‌ನಿಂದ ಬಂದ ಗೋರಾಜ್ದ್, "ಅತಿ ಕಷ್ಟದ್ದೇ ಕೊಡಿ" ಎಂದ,
ಹೋಟೆಲಿನಲ್ಲಿ ಖಾರ ಕೇಳುವವನ ಹಾಗೆ.
ಕೈ ಕುಲುಕಿದೆ. ಬೆಣ್ಣೆಯಂಥ ಅಂಗೈ.
ಜೀನಿನಲ್ಲಿ ಬೆಂಚಿದೆ, ನೋಟ ಅಲ್ಲಿಂದಲೇ ಚೆನ್ನ, ಅಂದೆ,
ತುದಿಯ ಮೇಲೆ ನಿಂತರೆ ತುದಿಯೇ ಕಾಣುವುದಿಲ್ಲ.
ನಂಬಿದನೋ ಇಲ್ಲವೋ, ಹೋದ.

ಇನ್ನು ಏಣು.
ಬಂಡೆಯ ಹಣೆಗೆ ಕೆಂಪು ಬಳೆ, ನಡುವೆ ಬಿಳಿ ಬೊಟ್ಟು,
ಬೊಟ್ಟು ಮುಗಿದಲ್ಲಿ ಕಬ್ಬಿಣ ಶುರು.
ನಡೆಯುವುದಲ್ಲ ಅದು, ಪೂರ್ತಿ ಹತ್ತುವುದೂ ಅಲ್ಲ,
ನಾಲ್ಕು ಕಾಲಿನ ಕಾಲವನ್ನು ಮೈ ನೆನಪಿಸಿಕೊಳ್ಳುವುದು.
ಹೆಲ್ಮೆಟ್ ಬೇಕು. ಮಧ್ಯಾಹ್ನದ ಗುಡುಗಿಗೆ ಮೊದಲು ಇಳಿಯಬೇಕು.
ಕಳಿಸಲೋ ಬೇಡವೋ ಎಂದು ಒಂದು ಕ್ಷಣ ಅನಿಸಿದರೆ
ಕಳಿಸುವುದಿಲ್ಲ.

ಅಲ್ಲಿ ಮೂವತ್ತನಾಲ್ಕು ಗೂಟ ಹೊಡೆದವನು ಯೆರ್ನೆಯ್.
ಈಗ ಎಂಬತ್ತೊಂದು. ಮಂಗಳವಾರ ಮಂಗಳವಾರ
ಸಾಮಾನಿನ ಕೇಬಲ್ ತೊಟ್ಟಿಲಲ್ಲಿ ಆಲೂಗಡ್ಡೆ ಮೂಟೆಗಳ ಜೊತೆ ಬರುತ್ತಾನೆ
(ಕಾನೂನು ಒಪ್ಪದು; ನಾನು ನೋಡಿಲ್ಲ).
ಅವನ ಕಾಲಕ್ಕೆ ಎರಡೇ ದರ್ಜೆ:
ವಾಪಸು ಬಂದವರು, ಬಾರದವರು.
"ವಿದಾ, ಇವತ್ತು ನನಗೆ ಯಾವ ದಾರಿ?"
ಬುಗ್ಗೆಯದು, ಎನ್ನುತ್ತೇನೆ. ಇನ್ನೂರ ಹನ್ನೆರಡು ಹೆಜ್ಜೆ.
ಒಂದು ಕಡೆ ಹಗ್ಗ ಕಟ್ಟಿದ್ದೇನೆ, ಹಿಡಿಯುವುದಿಲ್ಲ.

ಹೋಗಿ ಬಂದು, ಬಾಗಿಲ ಬಳಿ ಕೂತು,
ಏಣಿನಿಂದ ಇಳಿದವರಿಗೆಲ್ಲ ಒಂದೇ ಪ್ರಶ್ನೆ:
"ಹನ್ನೊಂದನೆಯದು ಅಲುಗಿತೇ?"
ಅದನ್ನು ಹೊಡೆದ ದಿನ ಆಲಿಕಲ್ಲು ಬಿತ್ತಂತೆ,
ಅರ್ಧ ಬೆರಳು ಕಡಿಮೆ ಇಳಿಯಿತಂತೆ.
ಐವತ್ತೆಂಟು ವರ್ಷದಿಂದ ಆ ಅರ್ಧ ಬೆರಳು
ಅವನ ನಿದ್ದೆಯಿಂದ ಹೊರಗೆ ಚಾಚಿಕೊಂಡಿದೆ.
ಇಷ್ಟರಲ್ಲಿ ಬದಲಾಯಿಸಿರುತ್ತಾರೆ ಅಂದರೆ ಕೇಳುವುದಿಲ್ಲ.
ಇಳಿದವರು ನಗುತ್ತಾರೆ. ಗೂಟ ಯಾರು ಎಣಿಸುತ್ತಾರೆ, ತಾತ?

ಮೊನ್ನೆ ಮಂಗಳವಾರ ಆ ಹುಡುಗಿ, ತ್ಯಾಶಾ, ಹದಿನೈದಿರಬೇಕು.
ಬೂಟಿನ ಮೂಗು ಕಿತ್ತು, ಸುಣ್ಣಗಲ್ಲಿಗೆ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು.
ನೋಡಿದೆ, ತಾಯಿಯ ಜೊತೆ ಏಣಿಗೆ ಹೋಗು ಅಂದೆ.
ಬೂಟು ಅಣ್ಣನದಂತೆ.
ತುದಿಗೆ ಕಾಲುಚೀಲ ತುರುಕಿದ್ದಳಂತೆ.
ಇಪ್ಪತ್ತಾರು ಬೇಸಿಗೆಯ ವಿದ್ಯೆ ಒಂದು ಕಾಲುಚೀಲದಲ್ಲಿ ಹೋಯಿತು.

ಹನ್ನೆರಡಕ್ಕೇ ಇಳಿದು ಬಂದಳು. ತುದಿ ಮುಟ್ಟಿರಲಿಲ್ಲ.
"ಹನ್ನೊಂದನೆಯದು?"
"ಅಲ್ಲಿಂದಲೇ ತಿರುಗಿದ್ದು. ಹೆದರಿಕೆಯಾಗಿತ್ತು, ಅದಕ್ಕೇ ಎಣಿಸುತ್ತಿದ್ದೆ."
"ಅಲುಗಿತೇ?"
"ಇಲ್ಲ. ಅಲುಗಿದ್ದು ನಾನು."

ಯೆರ್ನೆಯ್ ಅವಳ ಅಂಗೈ ತಿರುಗಿಸಿ ನೋಡಿದ. ತುಕ್ಕು.
ಹೆಬ್ಬೆರಳಿಂದ ಉಜ್ಜಿ, ತನ್ನ ಅಂಗಿಗೆ ಒರೆಸಿಕೊಂಡ.
ಮೊಹರಿನ ಪುಸ್ತಕ ಚಾಚಲು ಅವಳಿಗೆ ನಾಚಿಕೆ;
ಸೂಪಿನ ಕೈಯಲ್ಲೇ ಕಿತ್ತುಕೊಂಡು ಒತ್ತಿದೆ,
ಸೊಟ್ಟಗೆ ಬಿತ್ತು.

ಆಮೇಲೆ ಅವನು ನನ್ನನ್ನು ಕೇಳದೆ ಎದ್ದು
ಕೆರೆಯ ದಾರಿ ಹಿಡಿದ.
ಗೇಟು ಹಾಕಿದ ಸದ್ದು ಕೇಳಿಸಿತು.
ಯಾವ ಬೂಟು ಹಾಕಿದ್ದನೋ,
ನೋಡಲಿಲ್ಲ.